ಪ್ಲೇಟ್ ಕಾಂಪ್ಯಾಕ್ಟರ್: ವರ್ಷಗಟ್ಟಲೆ ದುಡಿಸಿದ ಮೇಲೆ

ನೆಲಹಾಸಿನ ತಳ, ಕಾಲುದಾರಿ, ಪೈಪು ಹೂತ ಕಂದಕಗಳ ಭರ್ತಿಮಣ್ಣನ್ನು ಗಟ್ಟಿಗೊಳಿಸಲು ಸುಮಾರು 90 ಕಿಲೋ ತೂಕದ, ಮುಂದಕ್ಕೆ ಮಾತ್ರ ಚಲಿಸುವ ಪೆಟ್ರೋಲ್ ಪ್ಲೇಟ್ ಕಾಂಪ್ಯಾಕ್ಟರ್ ಒಂದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮರಳು, ಜಲ್ಲಿಪುಡಿಯ ಮೇಲೆ ಇದರ ಕೆಲಸದ ಬಗ್ಗೆ ಎರಡು ಮಾತಿಲ್ಲ. ಜೇಡಿಮಣ್ಣಿನ ಮೇಲೆ ಮಾತ್ರ ಇದನ್ನು ನಂಬಬೇಡಿ.

ಎಂಜಿನ್ನು ಬೆಲ್ಟಿನ ಮೂಲಕ ಒಂದು ಪಕ್ಕಕ್ಕೆ ಭಾರ ಹೆಚ್ಚಿರುವ ದಂಡವನ್ನು ತಿರುಗಿಸುತ್ತದೆ. ಆ ತಿರುಗುವಿಕೆಯಿಂದ ಕೆಳಗಿನ ಉಕ್ಕಿನ ತಟ್ಟೆ ನಿಮಿಷಕ್ಕೆ ಸಾವಿರಾರು ಬಾರಿ ನಡುಗುತ್ತದೆ. ಮರಳಿನ ಕಣಗಳನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಅವುಗಳ ನಡುವಿನ ಘರ್ಷಣೆ. ನಡುಕಕ್ಕೆ ಅದು ಸಡಿಲಗೊಂಡು, ಡಬ್ಬಿ ಕುಲುಕಿದಾಗ ಕಾಳು ಇಳಿಯುವಂತೆ ಕಣಗಳು ಖಾಲಿ ಜಾಗಕ್ಕೆ ಜಾರುತ್ತವೆ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವುಗಳನ್ನು ನಾದಬೇಕು, ಇಲ್ಲವೇ ಗುದ್ದಬೇಕು. ಕಂದಕದಲ್ಲಾದರೆ ಕುಪ್ಪಳಿಸುತ್ತ ಮಣ್ಣನ್ನು ಗುದ್ದುವ ರ‍್ಯಾಮರ್, ವಿಶಾಲ ಜಾಗದಲ್ಲಾದರೆ ಉರುಳೆಯ ಮೇಲಿನ ಉಬ್ಬುಗಳಿಂದ ಮಣ್ಣನ್ನು ನಾದುವ ಶೀಪ್‌ಫೂಟ್ ರೋಲರ್ ಆ ಕೆಲಸ ಮಾಡುತ್ತದೆ. ಜೇಡಿಯ ಮೇಲೆ ಪ್ಲೇಟ್ ಓಡಿಸಿದರೆ ಮೇಲ್ಮೈ ನುಣ್ಣಗೆ ಹೊಳೆಯುತ್ತದೆ, ಕೆಳಗಿನ ಹೆಂಟೆಗಳು ಹಾಗೆಯೇ ಉಳಿಯುತ್ತವೆ. ಆ ಹೊಳಪನ್ನು ನೋಡಿ ಕೆಲಸ ಮುಗಿಯಿತೆಂದು ಒಪ್ಪಿಕೊಳ್ಳುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಯಂತ್ರದಷ್ಟೇ ಮುಖ್ಯವಾದದ್ದು ನೀರು. 1933ರಲ್ಲಿ ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ ತೋರಿಸಿಕೊಟ್ಟದ್ದು ಇದನ್ನೇ: ಒಂದೇ ಪ್ರಮಾಣದ ಪೆಟ್ಟು ಕೊಟ್ಟರೂ ಒಂದು ನಿರ್ದಿಷ್ಟ ತೇವಾಂಶದಲ್ಲಿ ಮಾತ್ರ ಮಣ್ಣಿನ ಒಣ ಸಾಂದ್ರತೆ (ನೀರಿನ ತೂಕ ಬಿಟ್ಟು ಲೆಕ್ಕ ಹಾಕಿದ ಸಾಂದ್ರತೆ) ಗರಿಷ್ಠ ಮಟ್ಟ ಮುಟ್ಟುತ್ತದೆ. ಅದಕ್ಕಿಂತ ಒಣಗಿದ್ದರೆ ಕಣಗಳು ಜಾರುವುದಿಲ್ಲ. ಹೆಚ್ಚು ಒದ್ದೆಯಾದರೆ ಕಣಗಳು ಸೇರಬೇಕಾದ ಜಾಗವನ್ನು ನೀರೇ ಆಕ್ರಮಿಸುತ್ತದೆ, ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸ್ಥಳದಲ್ಲಿ ನಾನು ಒಂದು ಹಿಡಿ ಮಣ್ಣನ್ನು ಬಿಗಿಯಾಗಿ ಹಿಸುಕಿ ಉಂಡೆ ಮಾಡಿ ಎದೆಯೆತ್ತರದಿಂದ ಬಿಡುತ್ತೇನೆ. ಎರಡು ಮೂರು ತುಂಡಾದರೆ ಯಂತ್ರ ಚಾಲೂ. ಪುಡಿಪುಡಿಯಾದರೆ ನೀರು ಚಿಮುಕಿಸಬೇಕು. ಒಡೆಯದೆ ಚಪ್ಪಟೆಯಾಗಿ ಅಂಟಿಕೊಂಡರೆ ಮಣ್ಣನ್ನು ಹರವಿ ಆರಲು ಬಿಡಬೇಕು. ಶುದ್ಧ ಮರಳಿಗೆ ಈ ಉಂಡೆ ಪರೀಕ್ಷೆ ಹೊಂದುವುದಿಲ್ಲ, ಅಲ್ಲಿ ಧಾರಾಳವಾಗಿ ತೋಯಿಸಿಯೇ ಓಡಿಸುತ್ತೇನೆ.

ಪದರದ ದಪ್ಪದಲ್ಲಿ ರಾಜಿ ಬೇಡ. ಸಡಿಲ ಮಣ್ಣನ್ನು 15 ಸೆಂಟಿಮೀಟರ್ ಹರವಿ, ಮೂರು ನಾಲ್ಕು ಸಲ ಓಡಿಸಿ, ಆಮೇಲೆ ಮುಂದಿನ ಪದರ. ತಳ ಗಟ್ಟಿಯಾಗುತ್ತಿದ್ದಂತೆ ಯಂತ್ರದ ಸದ್ದು ಬದಲಾಗುತ್ತದೆ, ತಟ್ಟೆ ಪುಟಿಯತೊಡಗುತ್ತದೆ. ಅದು ಸೂಚನೆಯಷ್ಟೇ, ಪುರಾವೆಯಲ್ಲ. ಭಾರ ಹೊರಬೇಕಾದ ಜಾಗವಾದರೆ ಮರಳು ತುಂಬುವ ಪರೀಕ್ಷೆ ಮಾಡಿಸಿ: ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ತೇವಾಂಶ ಕಳೆದು, ಸಾಂದ್ರತೆ ಗೊತ್ತಿರುವ ಮರಳನ್ನು ಸುರಿದು ಗುಂಡಿಯ ಗಾತ್ರ ಅಳೆಯುತ್ತಾರೆ. ಪ್ರಯೋಗಾಲಯದ ಗರಿಷ್ಠ ಒಣ ಸಾಂದ್ರತೆಯ 95 ಶೇಕಡಾ ಸಾಮಾನ್ಯವಾಗಿ ಕೇಳುವ ಮಟ್ಟ.

ಹಲವು ಮೀಟರ್ ಆಳದ ಸಡಿಲ ಮರಳಿಗೆ ಇದು ಯಂತ್ರವೇ ಅಲ್ಲ. ಅಲ್ಲಿ ನೆಲದೊಳಗೆ ಕಂಪಕ ಇಳಿಸುವ ವೈಬ್ರೋಫ್ಲೋಟೇಶನ್ ಬೇಕು, ಅಥವಾ ಹತ್ತಾರು ಟನ್ ಭಾರವನ್ನು ಕ್ರೇನಿನಿಂದ ಕೆಡವುವ ಡೈನಾಮಿಕ್ ಕಾಂಪ್ಯಾಕ್ಷನ್.

ನಿರ್ವಹಣೆಯಲ್ಲಿ ಎಂಜಿನ್ ತೊಂದರೆ ಕೊಟ್ಟಿಲ್ಲ. ಏರ್ ಫಿಲ್ಟರ್ ಮಾತ್ರ ಧೂಳಿಗೆ ಬೇಗ ಕಟ್ಟಿಕೊಳ್ಳುತ್ತದೆ. ತಟ್ಟೆಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬುಷ್‌ಗಳು ಬಿರುಕು ಬಿಡುತ್ತವೆ. ಅವನ್ನು ಬದಲಿಸದಿದ್ದರೆ ನಡುಕ ಹಿಡಿಕೆಗೆ ಏರಿ ಬೆರಳು ಜೋಮು ಹಿಡಿಯುತ್ತದೆ. ಇಕ್ಕಟ್ಟಾದ ಕಂದಕದಲ್ಲಿ ಹಿಂದಕ್ಕೆ ಬಾರದಿರುವುದು ದೊಡ್ಡ ಕೊರತೆ, ಪ್ರತಿ ಸಲವೂ ಎತ್ತಿ ತಿರುಗಿಸಬೇಕು.

ತಯಾರಕರ ಮೇಲೆ ನನ್ನದೊಂದು ತಕರಾರಿದೆ. ಕೈಪಿಡಿಯಲ್ಲಿ 30 ಸೆಂಟಿಮೀಟರ್ ಆಳದವರೆಗೆ ಎಂದು ಒಂದೇ ಅಂಕಿ ಮುದ್ರಿಸಿದ್ದಾರೆ, ಯಾವ ಮಣ್ಣಿಗೆ ಎಂಬುದನ್ನು ಹೇಳಿಲ್ಲ. ಜಲ್ಲಿಗೆ, ಮರಳಿಗೆ, ಜೇಡಿ ಬೆರೆತ ಮಣ್ಣಿಗೆ ಬೇರೆಬೇರೆ ಅಂಕಿ ಕೊಡಲು ಅರ್ಧ ಪುಟ ಸಾಕು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ; ಕಳೆದ ಒಂದು ಅಂಕ ಆ ಅರ್ಧ ಪುಟದ್ದು.