ಬಾಲನ್ಯಾಯ ಮಂಡಳಿ: ಒಳಗೆ ಚೆನ್ನಾಗಿದೆ, ಹೊರಗಿನ ವರಾಂಡ ಸರಿಯಾಗಬೇಕು

ಮಕ್ಕಳ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದ ಮನೆಯವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ನೋಡಿದ್ದು ನಮ್ಮ ಮಲೆನಾಡಿನ ಜಿಲ್ಲಾ ಕೇಂದ್ರವೊಂದರ ಬಾಲನ್ಯಾಯ ಮಂಡಳಿ, ಅಂದರೆ 18 ತುಂಬದವರ ಮೇಲಿನ ಕೇಸು ನೋಡುವ ಕಡೆ. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ಹುಡುಗ ಯಾರು ಅಂತ ಗೊತ್ತಾಗಿಬಿಡುತ್ತದೆ, ಕೇಸಿನಲ್ಲಿರುವ ಮಗುವಿನ ಗುರುತು ಬಿಟ್ಟುಕೊಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.

ಕೇಸು ನಮ್ಮ ಕಡೆಯವರಿಗೆ ಹೊಸದಲ್ಲ. ಅಡಿಕೆ ಕಳ್ಳತನ. ರೇಟು ಏರಿದ ವರ್ಷ ಒಣಹಾಕಿದ ಅಡಿಕೆಗೆ ರಾತ್ರಿಯೆಲ್ಲಾ ಕಾವಲು ಕೂರಬೇಕು, ಅಲ್ವಾ? ನಮ್ಮ ಪೈಕಿಯ 16 ವರ್ಷದ ಹುಡುಗ, ಜೊತೆಗೆ ಪಿಕಪ್ ಓಡಿಸುವ ದೊಡ್ಡವನೊಬ್ಬ. ಇಬ್ಬರೂ ಸೇರಿ ಚೀಲ ತುಂಬಿದ್ದು ನಿಜ. ಸಿಕ್ಕಿಬಿದ್ದಿದ್ದೂ ಒಟ್ಟಿಗೇ. ಆದರೆ ಅಲ್ಲಿಂದ ದಾರಿ ಬೇರೆ ಬೇರೆ. ದೊಡ್ಡವನು ಮಾಮೂಲಿ ಕೋರ್ಟಿಗೆ ಹೋದ, ಹುಡುಗ ಮಂಡಳಿಗೆ ಬಂದ. ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ನಿಲ್ಲಿಸಿ ವಿಚಾರಣೆ ಮಾಡುವ ಹಾಗಿಲ್ಲ.

ಪೊಲೀಸರು ಮಗುವನ್ನು ಲಾಕಪ್ಪಿಗೆ ಹಾಕಬಾರದು, ಕೈಕೋಳ ತೊಡಿಸಬಾರದು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಕರೆತರಬೇಕು. ಇಷ್ಟು ತಿಳಿದುಕೊಂಡಿರಿ, ಠಾಣೆಯಲ್ಲಿ ಧೈರ್ಯವಾಗಿ ಮಾತಾಡಬಹುದು. ನಮಗೆ ಮೊದಲು ಸಿಕ್ಕವರು ಸುಮ್ನೆ ಗದರಿಸಿದರು. ಆಮೇಲೆ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಮಫ್ತಿಯಲ್ಲಿ ಬಂದು, ಹುಡುಗನಿಗೆ ಊಟ ಆಯ್ತಾ ಅಂತ ಕೇಳಿದರು. ಅವನ ಅಮ್ಮ ಅಲ್ಲಿಯವರೆಗೆ ತಡೆದುಕೊಂಡಿದ್ದವರು ಆಗ ಅತ್ತುಬಿಟ್ಟರು.

ಈಗ ಮಂಡಳಿಯ ಕೋಣೆ. ಕಟಕಟೆ ಇಲ್ಲ, ಎತ್ತರದ ಪೀಠವೂ ಇಲ್ಲ. ಒಂದು ಮೇಜು, ಅದರ ಆಚೆ ಮೂವರು, ಈಚೆ ನಾವು. ನಿಯಮವೇ ಹಾಗಿದೆ, ಮಂಡಳಿ ಕೋರ್ಟಿನ ಆವರಣದಲ್ಲಿ ಕೂಡ ಕೂರಬಾರದು. ಮೂವರಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಕನಿಷ್ಠ 3 ವರ್ಷ ಅನುಭವ ಇರಬೇಕು. ಉಳಿದಿಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಮಹಿಳಾ ಸದಸ್ಯರು ಕೇಳಿದ ಮೊದಲ ಪ್ರಶ್ನೆ ಅಡಿಕೆ ಬಗ್ಗೆ ಅಲ್ಲವೇ ಅಲ್ಲ.

"ಸ್ಕೂಲು ಯಾವಾಗ ಬಿಟ್ಟೆ ಮಗಾ?"

"ಹತ್ತನೇ ಕ್ಲಾಸಲ್ಲಿ ಮ್ಯಾಥ್ಸ್ ಹೋಯ್ತು ಮೇಡಂ."

"ಸಪ್ಲಿಮೆಂಟರಿ ಕಟ್ಟಲಿಲ್ವಾ?"

"ಕಟ್ಟು ಅಂತ ಯಾರೂ ಹೇಳ್ಲಿಲ್ಲ."

ಮೇಡಂ ಅದನ್ನು ಬರೆದುಕೊಂಡರು. ಅಷ್ಟು ದಿನ ಮನೆಯಲ್ಲಿ ನಾವ್ಯಾರೂ ಕೇಳದಿದ್ದ ಪ್ರಶ್ನೆ ಅದು. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದೇ ಇದು. ಏನು ಮಾಡಿದ ಅನ್ನುವಷ್ಟೇ ಮುಖ್ಯವಾಗಿ ಯಾಕೆ ಹೀಗಾದ ಅಂತಲೂ ಕೇಳುತ್ತಾರೆ.

ಅದಕ್ಕೆ ಆಧಾರ ಪರಿವೀಕ್ಷಣಾಧಿಕಾರಿ, ಅಂದರೆ ಮಗುವಿನ ಮನೆ, ಹಿನ್ನೆಲೆ ವಿಚಾರಿಸುವ ಪ್ರೊಬೇಷನ್ ಆಫೀಸರ್, ಕೊಡುವ ವರದಿ. ಎರಡು ವಾರದೊಳಗೆ ಕೊಡಬೇಕು. ನಮ್ಮ ಮನೆಗೆ ಬಂದವರು ಜಗಲಿ ಮೇಲೆ ಕೂತು ಕಾಫಿ ಕುಡಿದರು, ಅಪ್ಪ ಏನು ಮಾಡುತ್ತಿದ್ದರು, ಸಾಲ ಎಷ್ಟಿದೆ, ಮನೆಯಲ್ಲಿ ಕುಡಿತ ಇದೆಯಾ, ಹುಡುಗ ಸಂಜೆ ಯಾರ ಜೊತೆ ತಿರುಗುತ್ತಾನೆ, ಪಿಕಪ್‌ನವನ ಪರಿಚಯ ಹೇಗೆ ಅಂತ ಎಲ್ಲಾ ಕೇಳಿ, ಪಕ್ಕದ ಮನೆಯವರನ್ನೂ ಮಾತಾಡಿಸಿ, ಶಾಲೆಗೂ ಹೋಗಿ ಮೇಷ್ಟ್ರನ್ನು ಕಂಡು ಬಂದರು. ಅವರಿಂದ ಏನನ್ನೂ ಮುಚ್ಚಿಡಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಮಗುವಿಗೇ ಒಳ್ಳೆಯದು.

ಇದೆಲ್ಲಾ ಎಲ್ಲಿಂದ ಬಂತು ಅಂತ ಕುತೂಹಲಕ್ಕೆ ಹುಡುಕಿ ಓದಿದೆ. ಮಕ್ಕಳಿಗೆ ಬೇರೆ ಕೋರ್ಟು ಅಂತ ಅಮೆರಿಕದಲ್ಲಿ ಮೊದಲು ಶುರುವಾಗಿದ್ದು ಶಿಕಾಗೋದಲ್ಲಿ, 1899ರಲ್ಲಿ. ಅಲ್ಲಿಯವರೆಗೆ ಎಷ್ಟೋ ಮಕ್ಕಳನ್ನು ದೊಡ್ಡವರ ಜೈಲಿಗೇ ತಳ್ಳುತ್ತಿದ್ದರು. ನಮ್ಮಲ್ಲಿ 1920ರಲ್ಲಿ ಮದ್ರಾಸು, 1924ರಲ್ಲಿ ಬಾಂಬೆ ಮಕ್ಕಳ ಕಾಯ್ದೆ ಬಂತು. ನಮ್ಮ ರಾಜ್ಯದ್ದು 1964ರದ್ದು. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು ಇದ್ದಿದ್ದನ್ನು 1986ರಲ್ಲಿ ಕೇಂದ್ರ ಒಂದೇ ಕಾಯ್ದೆ ಮಾಡಿತು, ಆದರೆ ಅದರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಅಂತ ವಯಸ್ಸು ಬೇರೆ ಬೇರೆ. 2000ದ ಕಾಯ್ದೆ ಇಬ್ಬರಿಗೂ 18 ಮಾಡಿ, ಬಾಲ ನ್ಯಾಯಾಲಯದ ಜಾಗದಲ್ಲಿ ಮೂವರ ಮಂಡಳಿಯನ್ನು ತಂದಿತು.

ಈಗಿರುವುದು 2015ರ ಕಾಯ್ದೆ. ದೆಹಲಿಯಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಆ ಘೋರ ಕೃತ್ಯದಲ್ಲಿ 18 ತುಂಬದವನೂ ಒಬ್ಬ ಇದ್ದನಲ್ಲ, ಆ ಸಿಟ್ಟಿನ ಕಾಲದಲ್ಲಿ ರೂಪುಗೊಂಡಿದ್ದು. ಕನಿಷ್ಠ 7 ವರ್ಷ ಶಿಕ್ಷೆ ಇರುವಂಥ ಹೀನ ಅಪರಾಧವನ್ನು 16ರಿಂದ 18ರೊಳಗಿನವರು ಮಾಡಿದ್ದಾರೆ ಅಂತಾದರೆ, ಮಾಡಿದ್ದರ ಪರಿಣಾಮ ಅವರಿಗೆ ಅರ್ಥವಾಗುತ್ತಿತ್ತಾ ಅಂತ ಮಂಡಳಿ ಮೊದಲು ಅಂದಾಜು ಮಾಡುತ್ತದೆ. ಅದಕ್ಕೆ ಮನಶ್ಶಾಸ್ತ್ರಜ್ಞರ ಸಹಾಯವನ್ನೂ ಪಡೆಯುತ್ತದೆ. ಆಮೇಲೆ ಕೇಸನ್ನು ಮಕ್ಕಳ ನ್ಯಾಯಾಲಯಕ್ಕೆ, ಅಂದರೆ ಮಂಡಳಿಗಿಂತ ಮೇಲಿನ ಸೆಷನ್ಸ್ ಕೋರ್ಟಿನ ಮಟ್ಟಕ್ಕೆ ಕಳಿಸಬಹುದು. ಅಲ್ಲೂ ಗಲ್ಲು ಶಿಕ್ಷೆ ಇಲ್ಲ, ಬಿಡುಗಡೆಯೇ ಇಲ್ಲದ ಜೀವಾವಧಿಯೂ ಇಲ್ಲ. ಸಂತ್ರಸ್ತರ ಮನೆಯವರ ನೋವು ನನಗೆ ಅರ್ಥವಾಗುತ್ತದೆ. ಆದರೂ ತಿಂಗಳುಗಳ ಹಿಂದೆ ಮಾಡಿದ ಕೆಲಸದ ಹೊತ್ತಿನಲ್ಲಿ ಒಬ್ಬ ಹುಡುಗನ ಮನಸ್ಸು ಹೇಗಿತ್ತು ಅಂತ ಈಗ ಅಳೆಯುವುದು ಹೇಗೆ? ಈ ಭಾಗ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಇನ್ನು ಬೇಸರದ ವಿಷಯ. ನಾವು ಹೋದ ಕಡೆ ಹೊರಗೆ ಕಾಯುವ ಜಾಗ ಚೂರೂ ಸರಿ ಇಲ್ಲ. ಗೋಡೆ ಪಕ್ಕ ಎರಡು ಬೆಂಚು, ಅದರಲ್ಲೇ ಕಳ್ಳತನದ ಹುಡುಗ, ಹೊಡೆದಾಟದ ಹುಡುಗ, ದೂರು ಕೊಟ್ಟವರು, ಸಾಕ್ಷಿಗಳು ಎಲ್ಲರೂ. ಒಳಗೆ ಅಷ್ಟು ಜೋಪಾನವಾಗಿ ಗುರುತು ಮುಚ್ಚಿಟ್ಟು, ಹೊರಗೆ ಹೀಗೆ ಸಾಲಾಗಿ ಕೂರಿಸಿದರೆ ಏನು ಬಂತು? ಅಡಿಕೆ ಕಳೆದುಕೊಂಡವರು ಎದುರಿಗೇ ಕೂತಿದ್ದರು, ಹುಡುಗ ತಲೆ ಎತ್ತಲೇ ಇಲ್ಲ. ಮತ್ತೆ ವಾಯಿದೆ. ಮೊದಲು ಹಾಜರಾದ ದಿನದಿಂದ 4 ತಿಂಗಳಲ್ಲಿ ವಿಚಾರಣೆ ಮುಗಿಸಬೇಕು, ಕಾರಣ ಬರೆದು ಇನ್ನೂ 2 ತಿಂಗಳು ತೆಗೆದುಕೊಳ್ಳಬಹುದು. ನಮ್ಮದು ಆ ಹೆಚ್ಚುವರಿ ಅವಧಿಗೂ ಹೋಯಿತು. ಒಬ್ಬ ಸದಸ್ಯರು ರಜೆ, ಇನ್ನೊಂದು ಸಲ ಸಾಕ್ಷಿ ಬರಲಿಲ್ಲ. ಘಟ್ಟದ ಅಂಚಿನ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಕೂಲಿ ಬಿಟ್ಟು ಬರುವ ತಾಯಿಗೆ 'ಇವತ್ತು ಇಲ್ಲ' ಅಂತ ಹಿಂದಿನ ದಿನ ಒಂದು ಫೋನ್ ಮಾಡಬಾರದಾ?

ಆದೇಶ ಮಾತ್ರ ಸಮಾಧಾನ ತಂದಿತು. ಬುದ್ಧಿ ಹೇಳಿ, ಕೌನ್ಸೆಲಿಂಗ್‌ಗೆ ಕಳಿಸಿ, ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲಿ ಅಮ್ಮನ ಜೊತೆಗೇ ಬಿಟ್ಟರು. ಮ್ಯಾಥ್ಸ್ ಪರೀಕ್ಷೆ ಕಟ್ಟಿಸಬೇಕು ಅಂತ ನಮಗೂ ತಾಕೀತು ಮಾಡಿದರು. ಇಂಥ ಕೇಸಿನ ಕಾರಣಕ್ಕೆ ಮುಂದೆ ಕೆಲಸಕ್ಕೋ ಓದಿಗೋ ಅನರ್ಹತೆ ಅಂಟಿಕೊಳ್ಳದಂತೆ 24ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಹೋಗಿದ್ದು ವರಾಂಡಕ್ಕೆ ಮತ್ತು ವಾಯಿದೆಗೆ.

ಹೋಗುವವರು ವಯಸ್ಸಿನ ದಾಖಲೆ ಮೊದಲೇ ಹುಡುಕಿಟ್ಟುಕೊಳ್ಳಿ. ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಆಗುತ್ತದೆ, ಅದಿಲ್ಲದಿದ್ದರೆ ಪಂಚಾಯಿತಿಯದ್ದೋ ಪುರಸಭೆಯದ್ದೋ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು, ಆಮೇಲೆ 18 ತುಂಬಿದರೂ ಕೇಸು ಮಂಡಳಿಯಲ್ಲೇ ಇರುತ್ತದೆ. ವಕೀಲರಿಗೆ ಸಾಲ ಮಾಡಬೇಡಿ. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಕೊಡುತ್ತಾರೆ, 15100ಕ್ಕೆ ಫೋನ್ ಮಾಡಿ. ಬುತ್ತಿ, ನೀರಿನ ಬಾಟಲಿ ಜೊತೆಗಿರಲಿ. ಮಧ್ಯಾಹ್ನ ದಾಟುವುದೇ ಜಾಸ್ತಿ.