ಎಡ ರೆಕ್ಕೆ ಕೆಟ್ಟ ಟಾಮ್‌ಕ್ಯಾಟ್: ಮೂರು ವರ್ಷದ ಬಳಿಕ ಒಂದು 1/72 ಡೈಕಾಸ್ಟ್ ಮಾಡೆಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಎಫ್-14 ಟಾಮ್‌ಕ್ಯಾಟ್‌ನ ಎಡ ರೆಕ್ಕೆ ಕೆಟ್ಟಿದೆ. ಇದನ್ನು ಬರೆಯಲು ಕೂತದ್ದೂ ಆ ಸಿಟ್ಟಿನಲ್ಲೇ. ಟಾಮ್‌ಕ್ಯಾಟ್ ಅಂದರೆ ಅಮೆರಿಕದ ನೌಕಾಪಡೆಯ ಹಳೆಯ ಯುದ್ಧವಿಮಾನ. ನನ್ನಲ್ಲಿರುವುದು ಅದರ 72ನೇ ಒಂದು ಭಾಗದಷ್ಟು ದೊಡ್ಡ, ಅಚ್ಚಿಗೆ ಲೋಹ ಎರೆದು ಮಾಡಿದ (ಡೈಕಾಸ್ಟ್) ಮಾಡೆಲ್.

ಪೆಟ್ಟಿಗೆಯಲ್ಲಿ ಏನೇನಿದೆ, ಎಷ್ಟು ಕ್ಷಿಪಣಿ, ಸ್ಟ್ಯಾಂಡ್ ಹೇಗಿದೆ ಅನ್ನುವುದೆಲ್ಲ ಬೇರೆಯವರ ವಿಮರ್ಶೆಗಳಲ್ಲಿ ನೀವು ನೋಡಿಯೇ ಇರುತ್ತೀರಿ. ನಾನು ಇದನ್ನು ಕೊಂಡದ್ದು ಒಂದೇ ಕಾರಣಕ್ಕೆ. ರೆಕ್ಕೆ ಸರಿಯುತ್ತದೆ! ನಿಜವಾದ ಟಾಮ್‌ಕ್ಯಾಟ್ ನಿಧಾನಕ್ಕೆ ಹಾರುವಾಗ ರೆಕ್ಕೆ 20 ಡಿಗ್ರಿಯಲ್ಲಿ ಚಾಚಿಕೊಂಡಿರುತ್ತಿತ್ತು. ವೇಗ ಏರಿದಂತೆ 68 ಡಿಗ್ರಿವರೆಗೆ ಹಿಂದಕ್ಕೆ ಸರಿಯುತ್ತಿತ್ತು. ಪೈಲಟ್ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ, ವಿಮಾನದ ಕಂಪ್ಯೂಟರೇ ಅದನ್ನು ನೋಡಿಕೊಳ್ಳುತ್ತಿತ್ತು. ಮಾಡೆಲ್‌ನಲ್ಲಿ ಆ ಕೆಲಸ ನನ್ನ ಹೆಬ್ಬೆರಳಿನದು. ಬಲ ರೆಕ್ಕೆ ತಳ್ಳಿದರೆ ಒಳಗಿನ ಗೇರ್ ತಿರುಗಿ ಎಡ ರೆಕ್ಕೆಯೂ ಜೊತೆಗೇ ಬರುತ್ತದೆ. ಅಂದರೆ, ಬರುತ್ತಿತ್ತು.

ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ರೆಕ್ಕೆ ಚಾಚಿ ಮೇಜಿನ ಮೇಲೆ ಇಡುವುದು, ರಾತ್ರಿ ಮಡಚಿ ಕಪಾಟಿಗೆ ಸೇರಿಸುವುದು. ಇದು ನನ್ನ ದಿನಚರಿಯೇ ಆಗಿಹೋಗಿತ್ತು. ಚಾಚಿದರೆ 27 ಸೆಂ.ಮೀ. ಅಗಲ, ಮಡಚಿದರೆ ಸುಮಾರು 16. ನನ್ನ ಕಪಾಟಿನ ಖಾನೆ ಇರುವುದೇ 18. ವಿಮಾನವಾಹಕ ಹಡಗಿನ ಮೇಲೂ ಇದೇ ಗೋಳು. ಅಲ್ಲಿ ಜಾಗ ಸಾಲದೆ 75 ಡಿಗ್ರಿವರೆಗೆ ಮಡಚಿ ಒತ್ತೊತ್ತಾಗಿ ನಿಲ್ಲಿಸುತ್ತಿದ್ದರು. ರಾತ್ರಿ ರೆಕ್ಕೆ ಮಡಚುವಾಗ ನಾನೂ ಡೆಕ್ಕಿನ ಮೇಲೆ ಇದ್ದೇನೆ ಅಂತ ಅಂದುಕೊಳ್ಳುತ್ತಿದ್ದೆ. ನಗಬೇಡಿ.

ಭಾನುವಾರ ಧೂಳು ತೆಗೆಯುವ ದಿನ. ಬಟ್ಟೆ ಬೇಡವೇ ಬೇಡ, ಆಂಟೆನಾಗಳನ್ನು ಎಳೆದುಕೊಂಡು ಹೋಗುತ್ತದೆ. ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆಯ ಮೇಕಪ್ ಬ್ರಷ್ ಸಾಕು. ಮೂಗಿನಿಂದ ಬಾಲದ ಕಡೆಗೆ ಮಾತ್ರ ಎಳೆಯಬೇಕು. ಮೂಗಿನ ತುದಿಯಲ್ಲಿರುವ ಸೂಜಿಯಂಥ ಪ್ಲಾಸ್ಟಿಕ್ ಕಡ್ಡಿ ಪೆಟ್ಟಿಗೆಯಿಂದ ಬರುವಾಗಲೇ ಸೊಟ್ಟಗಿತ್ತು. ಅದನ್ನು ಬಿಸಿನೀರಲ್ಲಿ ಅರೆ ನಿಮಿಷ ಹಿಡಿದು, ಬೆರಳಲ್ಲಿ ನೇರ ಮಾಡಿ, ತಕ್ಷಣ ತಣ್ಣೀರಿಗೆ ಅದ್ದಿದೆ. ಇವತ್ತಿಗೂ ನೆಟ್ಟಗಿದೆ.

ಬಣ್ಣದ ಬಗ್ಗೆ ಕೊರಗಿಲ್ಲ. ನನ್ನದು ಜಾಲಿ ರೋಜರ್ಸ್, ಅಂದರೆ 1976ರಲ್ಲಿ ಟಾಮ್‌ಕ್ಯಾಟ್ ಹಾರಿಸಲು ಶುರುಮಾಡಿದ, ಅಮೆರಿಕದ ನೌಕಾಪಡೆಯ ವಿಎಫ್-84 ಎಂಬ ಪಡೆಯ ಬಣ್ಣದ್ದು. ಮೇಲೆ ಬೂದು, ಕೆಳಗೆ ಬಿಳಿ, ಕಪ್ಪು ಬಾಲದ ಮೇಲೆ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಮೂಳೆ. 1980ರ ದಶಕದಲ್ಲಿ ಅಮೆರಿಕದ ನೌಕಾಪಡೆ ಎಲ್ಲವನ್ನೂ ಮಂಕು ಬೂದು ಮಾಡಿಬಿಟ್ಟಿತು. ದೂರದಿಂದ ಕಾಣಬಾರದಲ್ವಾ? ಕಪಾಟಿನಲ್ಲಿ ಇಡುವ ನನಗೆ ಕಾಣಲೇಬೇಕು, ಹಾಗಾಗಿ ಹಳೆಯ ಬಣ್ಣವೇ ಇರಲಿ. ಬುರುಡೆ ಸ್ಟಿಕ್ಕರ್ ಅಲ್ಲ, ಟ್ಯಾಂಪೋ ಮುದ್ರಣ. ಮೆತ್ತನೆಯ ಸಿಲಿಕೋನ್ ದಿಂಡಿನಿಂದ ಶಾಯಿ ಒತ್ತುತ್ತಾರೆ, ಅದಕ್ಕೇ ಉಬ್ಬು ತಗ್ಗಿನಲ್ಲೂ ಅಂಚು ಏಳುವುದಿಲ್ಲ. ಆದರೆ ಪ್ಯಾನೆಲ್ ಗೆರೆಗಳು ಜಾಸ್ತಿ ಆಳ. ಇಲ್ಲಿ ಅರ್ಧ ಮಿಲಿಮೀಟರ್ ಗೆರೆ ಅಂದರೆ ನಿಜವಾದ ವಿಮಾನದಲ್ಲಿ 36 ಮಿ.ಮೀ. ಸಂದು. ಅಷ್ಟಿದ್ದರೆ ಮಳೆ ಬಂದಾಗ ಒಳಗೆ ಬಕೆಟ್ ಇಡಬೇಕಾಗುತ್ತಿತ್ತು.

ಇನ್ನು ರೆಕ್ಕೆಯ ಕತೆ. ಎರಡು ವರ್ಷ ಕಳೆದು ಕೆಲವು ತಿಂಗಳಾಗಿತ್ತು. ಒಂದು ರಾತ್ರಿ ಮಡಚುವಾಗ ಒಳಗಿಂದ ಟಿಕ್ ಅಂತ ಸದ್ದು. ಬಲ ರೆಕ್ಕೆ ಹಿಂದೆ ಹೋಯಿತು, ಎಡ ರೆಕ್ಕೆ ಚಾಚಿಕೊಂಡೇ ನಿಂತಿತು. ಮಾರಿದವರಿಗೆ ಬರೆದೆ. ಇದು ಪ್ರದರ್ಶನಕ್ಕೆ, ಆಟಕ್ಕಲ್ಲ ಅಂತ ಒಂದು ಸಾಲಿನ ಉತ್ತರ. ಹಾಗಾದರೆ ಸರಿಯುವ ರೆಕ್ಕೆ ಅಂತ ಪೆಟ್ಟಿಗೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದದ್ದು ಯಾಕೆ? ಸ್ಕ್ರೂ ಬಿಚ್ಚಿ ನೋಡಿದೆ. ರೆಕ್ಕೆ ಸತುವಿನ ಮಿಶ್ರಲೋಹದ್ದು, ಒಳ್ಳೇ ಭಾರ. ಆ ಭಾರ ಎಳೆಯುವ ಗೇರ್ ಮಾತ್ರ ಪ್ಲಾಸ್ಟಿಕ್. ಮೂರು ಹಲ್ಲು ಸವೆದು ಹೋಗಿದ್ದವು.

ವರ್ಷಕ್ಕೆ ಒಂದೇ ಮಾಡೆಲ್ ಕೊಳ್ಳುವವನು ನಾನು. ಹೊಟ್ಟೆ ಉರಿಯದೆ ಇರುತ್ತದಾ? ಆದರೆ ಲೆಕ್ಕ ಹಾಕಿ ನೋಡಿದರೆ ದಿನಕ್ಕೆ ಎರಡು ಸಲದಂತೆ ಸಾವಿರದ ಐನೂರು ಸಲಕ್ಕಿಂತ ಹೆಚ್ಚು ತಳ್ಳಿದ್ದೇನೆ. ನನ್ನ ತಪ್ಪೂ ಇದೆ, ಒಪ್ಪಿಕೊಂಡೆ.

ಗೇರ್ ಹುಡುಕುತ್ತಾ ಕೂತಾಗಲೇ ಒಂದು ಹಳೆಯ ಫೋಟೊ ಕಣ್ಣಿಗೆ ಬಿತ್ತು. ನಿಜವಾದ ಟಾಮ್‌ಕ್ಯಾಟ್, ಆಕಾಶದಲ್ಲಿದೆ, ಒಂದು ರೆಕ್ಕೆ ಚಾಚಿದೆ, ಇನ್ನೊಂದು ಹಿಂದಕ್ಕೆ ಮಡಚಿದೆ. ಥೇಟ್ ನನ್ನದರ ಹಾಗೆ! ಹಾರಾಟದಲ್ಲಿ ಒಂದು ರೆಕ್ಕೆ ಸಿಕ್ಕಿಹಾಕಿಕೊಂಡರೆ ಏನು ಗತಿ ಅಂತ ತಿಳಿಯಲು ಟಾಮ್‌ಕ್ಯಾಟ್ ತಯಾರಿಸಿದ ಗ್ರಮ್ಮನ್ ಕಂಪನಿ 1985–86ರಲ್ಲಿ ಬೇಕಂತಲೇ ಹೀಗೆ ಹಾರಿಸಿ ಪರೀಕ್ಷೆ ಮಾಡಿತ್ತು. ವಿಮಾನ ಹಿಡಿತಕ್ಕೆ ಸಿಕ್ಕಿತು, ಸುರಕ್ಷಿತವಾಗಿ ಇಳಿಯಿತು.

ಆ ರಾತ್ರಿ ಗೇರ್ ಹುಡುಕುವುದನ್ನು ಬಿಟ್ಟೆ. ಹಾಗೇ ಸ್ಕ್ರೂ ಬಿಗಿದೆ. ಈಗ ಅದರ ಅಗಲ ಇಪ್ಪತ್ತೊಂದೂವರೆ ಸೆಂ.ಮೀ., ಖಾನೆಗೆ ಹಿಡಿಯುವುದಿಲ್ಲ, ಹಗಲೂ ರಾತ್ರಿ ಮೇಜಿನ ಮೇಲೇ ಇರುತ್ತದೆ. ಬಂದವರೆಲ್ಲ "ಅಯ್ಯೋ, ಮುರಿದಿದೆಯಾ?" ಅಂತ ಕೇಳುತ್ತಾರೆ. ನಾನು ಫೋಟೊ ತೋರಿಸುತ್ತೇನೆ.

ಐದಕ್ಕೆ ಮೂರು ಅಂಕ. ರೆಕ್ಕೆಯನ್ನು ಒಮ್ಮೆ ಇಟ್ಟ ಮೇಲೆ ಮುಟ್ಟದವರಾದರೆ ನಾಲ್ಕು ಅಂತ ಓದಿಕೊಳ್ಳಿ. ಈ ವರ್ಷದ ದುಡ್ಡು ಮಿಗ್-21ಕ್ಕೆ ತೆಗೆದಿಟ್ಟಿದ್ದೇನೆ. ರೆಕ್ಕೆಯ ಅಗಲ ಹತ್ತೇ ಸೆಂ.ಮೀ., ಮಡಚುವ ತಾಪತ್ರಯ ಇಲ್ಲ, ಖಾನೆಗೆ ಆರಾಮಾಗಿ ಹಿಡಿಯುತ್ತದೆ. ಮೂಗಿನ ಕಡ್ಡಿ ಮಾತ್ರ ಟಾಮ್‌ಕ್ಯಾಟ್‌ನದಕ್ಕಿಂತ ತುಂಬಾ ಉದ್ದ. ಬಿಸಿನೀರು ಕಾಯಿಸಿ ಇಟ್ಟುಕೊಂಡಿರಬೇಕು.