ಬ್ರಿಟನ್ನಿನಲ್ಲಿ ನಾಯಿ-ಬೆಕ್ಕಿಗೆ ಡಾಕ್ಟರು: 'ಫೈಂಡ್ ಎ ವೆಟ್' ಎಷ್ಟು ನೆಚ್ಚಬಹುದು?

ನಾಯಿಯನ್ನೋ ಬೆಕ್ಕನ್ನೋ ಕರೆದುಕೊಂಡು ಬ್ರಿಟನ್ನಿಗೆ ಹೋದವರು ಡಾಕ್ಟರನ್ನು ಹುಡುಕುವುದು ಹೆಚ್ಚಾಗಿ ಗೂಗಲ್ ಮ್ಯಾಪಿನಲ್ಲಿ. ಅದಕ್ಕೂ ಮೊದಲು ನೋಡಬೇಕಾದದ್ದು ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ನಡೆಸುವ 'ಫೈಂಡ್ ಎ ವೆಟ್' ಎಂಬ ಉಚಿತ ತಾಣ. 1844ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ನೋಂದಣಿ ಇಲ್ಲದವರು ಅಲ್ಲಿ ಪಶುವೈದ್ಯರಾಗಿ ಕೆಲಸ ಮಾಡುವಂತಿಲ್ಲ. ಹಾಗಾಗಿ ಇಲ್ಲಿ ಸಿಗುವ ಮಾಹಿತಿ ಜಾಹೀರಾತಲ್ಲ. ಊರು ಅಥವಾ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಕ್ಲಿನಿಕ್‌ಗಳು ಬರುತ್ತವೆ, ಯಾವ ಪ್ರಾಣಿ ನೋಡುತ್ತಾರೆ ಎಂದೂ ಸೋಸಬಹುದು. ಮೊಲ, ಗಿಣಿ, ಆಮೆ ಸಾಕುವವರಿಗೆ ಇದೊಂದೇ ದೊಡ್ಡ ಉಪಕಾರ.

ಪಟ್ಟಿಯಲ್ಲಿ ಗಮನಿಸಬೇಕಾದದ್ದು ಇದೇ ಸಂಸ್ಥೆ ಕ್ಲಿನಿಕ್‌ಗಳಿಗೆ ಕೊಡುವ ಮಾನ್ಯತೆಯ ಮಟ್ಟ. 'ಕೋರ್ ಸ್ಟ್ಯಾಂಡರ್ಡ್ಸ್' ಎಂದರೆ ಕನಿಷ್ಠ ಅಗತ್ಯಗಳು ಇವೆ ಎಂದಷ್ಟೇ. 'ಜನರಲ್ ಪ್ರಾಕ್ಟೀಸ್' ಅದಕ್ಕಿಂತ ಮೇಲು. 'ವೆಟರ್ನರಿ ಹಾಸ್ಪಿಟಲ್' ಎಂದಿದ್ದರೆ ದಾಖಲಾದ ಪ್ರಾಣಿಯನ್ನು ಹಗಲು ರಾತ್ರಿ ನೋಡಿಕೊಳ್ಳುವ ಏರ್ಪಾಡು ಇರುತ್ತದೆ. ಈ ಮಾನ್ಯತೆ ಪಡೆಯುವುದು ಕಡ್ಡಾಯವಲ್ಲ, ಆದ್ದರಿಂದ ಅದಿಲ್ಲದ ಕ್ಲಿನಿಕ್ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಇದ್ದರೆ ಹೊರಗಿನವರು ಬಂದು ಪರೀಕ್ಷಿಸಿ ಹೋಗಿದ್ದಾರೆ ಎಂಬ ನೆಮ್ಮದಿ ಇರುತ್ತದೆ.

ತಾಣದ ಕೆಲಸ ಇಲ್ಲಿಗೆ ಮುಗಿಯಿತು. ಕ್ಲಿನಿಕ್ಕಿನ ಮಾಲೀಕರು ಯಾರು, ದರ ಎಷ್ಟು ಎನ್ನುವುದನ್ನು ನೀವೇ ಫೋನ್ ಮಾಡಿ ಕೇಳಬೇಕು. ಇದು ಸಣ್ಣ ವಿಷಯವಲ್ಲ. 2013ರಲ್ಲಿ ಬ್ರಿಟನ್ನಿನ ಕ್ಲಿನಿಕ್‌ಗಳಲ್ಲಿ ಸುಮಾರು ಶೇ 10ರಷ್ಟು ದೊಡ್ಡ ಕಂಪನಿಗಳ ಕೈಯಲ್ಲಿದ್ದವು, 2024ರ ಹೊತ್ತಿಗೆ ಅದು ಶೇ 60ರ ಹತ್ತಿರ ಬಂತು. ಹಳೆಯ ಹೆಸರಿನ ಬೋರ್ಡು ಹಾಗೆಯೇ ಇರುವುದರಿಂದ ಪಕ್ಕಪಕ್ಕದ ಎರಡು ಕ್ಲಿನಿಕ್‌ಗಳಿಗೂ ಒಬ್ಬರೇ ಒಡೆಯರಾಗಿರಬಹುದು. ಇಂಥ ಕಾರಣಗಳಿಗಾಗಿಯೇ ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ವಿಚಾರಣೆ ಶುರು ಮಾಡಿತು. ಮೊದಲ ಭೇಟಿಯ ಫೀಸು, ಮರುಭೇಟಿಯ ಫೀಸು, ಲಿಖಿತ ಪ್ರಿಸ್ಕ್ರಿಪ್ಷನ್‌ಗೆ ಎಷ್ಟು: ಇವಿಷ್ಟನ್ನು ಕನಿಷ್ಠ ಮೂರು ಕಡೆ ಕೇಳಿ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ರಾತ್ರಿಯದ್ದು. ತುರ್ತು ಪ್ರಥಮ ಚಿಕಿತ್ಸೆ ಮತ್ತು ನೋವು ಶಮನ 24 ಗಂಟೆಯೂ ಸಿಗುವಂತೆ ಪ್ರತಿ ವೈದ್ಯರೂ ಏರ್ಪಾಡು ಮಾಡಬೇಕು ಎನ್ನುವುದು ಅಲ್ಲಿನ ವೃತ್ತಿ ಸಂಹಿತೆ. ಆದರೆ ಆ ಸೇವೆಯನ್ನು ಅವರೇ ಕೊಡಬೇಕೆಂದೇನಿಲ್ಲ. ಬಹಳಷ್ಟು ಕ್ಲಿನಿಕ್‌ಗಳು ರಾತ್ರಿ ಪಾಳಿಯನ್ನು ವೆಟ್ಸ್ ನೌ ಥರದ ಸಂಸ್ಥೆಗಳಿಗೆ ಒಪ್ಪಿಸಿರುತ್ತವೆ. ಅದು ಬೇರೆ ಊರಿನಲ್ಲಿರಬಹುದು, ಫೀಸು ಹಗಲಿಗಿಂತ ಬಹಳ ಹೆಚ್ಚು. ಕೆಲವು ಕಡೆ ಬೆಳಗಾಗುತ್ತಲೇ ಪ್ರಾಣಿಯನ್ನು ನೀವೇ ಹಗಲಿನ ಕ್ಲಿನಿಕ್ಕಿಗೆ ಸಾಗಿಸಬೇಕು. ಕಾರಿಲ್ಲದವರು ನಾಯಿಯನ್ನು ಹತ್ತಿಸಿಕೊಳ್ಳುವ ಟ್ಯಾಕ್ಸಿಯ ನಂಬರು ಮೊದಲೇ ಇಟ್ಟುಕೊಂಡಿರಿ. ಪ್ರಾಣಿ ಚೆನ್ನಾಗಿರುವಾಗಲೇ ಒಂದು ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ, ಹಳೆಯ ದಾಖಲೆ ಕೊಟ್ಟುಬಿಡಿ. ರಾತ್ರಿ ಎರಡು ಗಂಟೆಗೆ ಹೊಟ್ಟೆ ಉಬ್ಬಿದ ನಾಯಿಯನ್ನು ಎತ್ತಿಕೊಂಡು ಹೊಸದಾಗಿ ಹುಡುಕಲು ಹೊರಟರೆ ಅಮೂಲ್ಯ ಸಮಯ ಹೋಗುತ್ತದೆ.

ಭಾರತದಿಂದ ಬಂದ ನಾಯಿಯ ವಿಷಯದಲ್ಲಿ ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಬೇಕಾದ ಮಾತುಗಳಿವೆ. ಬೆಂಗಳೂರಿನ ಯಾವ ವೈದ್ಯರಿಗೂ ಜ್ವರ, ಸುಸ್ತು, ಪ್ಲೇಟ್ಲೆಟ್ ಇಳಿಕೆ ಎಂದರೆ ಮೊದಲು ಹೊಳೆಯುವುದು ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್. ಬ್ರಿಟನ್ನಿನ ವೈದ್ಯರು ಈ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣುವನ್ನು ಅಪರೂಪಕ್ಕೆ ನೋಡುತ್ತಾರೆ. ಈ ಸೋಂಕು ತಿಂಗಳುಗಟ್ಟಲೆ, ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು ಆಮೇಲೆ ತಲೆ ಎತ್ತಬಲ್ಲದು. ಆದ್ದರಿಂದ ನಾಯಿ ಎಲ್ಲಿಂದ ಬಂತು, ಹಿಂದೆ ಉಣ್ಣಿ ಕಚ್ಚಿತ್ತೇ, ಅದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಔಷಧ ಕೊಟ್ಟಿದ್ದರೇ ಎಲ್ಲವನ್ನೂ ಹೇಳಿ, ರಕ್ತಪರೀಕ್ಷೆಗೆ ನೀವೇ ಕೇಳಿ. ಹೊರದೇಶದಿಂದ ಬಂದ ನಾಯಿಗೆ ಬ್ರುಸೆಲ್ಲಾ ಕ್ಯಾನಿಸ್ ಪರೀಕ್ಷೆ ಮಾಡಿಸಿ ಎನ್ನುವ ಕ್ಲಿನಿಕ್‌ಗಳೂ ಇವೆ. ಅದು ಮನುಷ್ಯರಿಗೂ ಅಂಟಬಲ್ಲ ಸೋಂಕಾದ್ದರಿಂದ ಸಿಬ್ಬಂದಿಯ ರಕ್ಷಣೆಗೆ ಕೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ.

ಲಸಿಕೆ ಪುಸ್ತಕದಲ್ಲಿ ಬ್ಯಾಚ್ ನಂಬರಿನ ಸ್ಟಿಕರ್, ತಾರೀಖು, ಸಹಿ ಮೂರೂ ಇರಲಿ. ಬ್ರಿಟನ್ನಿನಲ್ಲಿ ರೇಬೀಸ್ ಲಸಿಕೆ ವಾಡಿಕೆಯದ್ದಲ್ಲ. ಹಾಗಾಗಿ ಅದು ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿ ಇರದೆಯೂ ಇರಬಹುದು, ಮೊದಲೇ ಹೇಳಿ ತರಿಸಬೇಕು. ನಾಯಿಯೊಂದಿಗೆ ಫ್ರಾನ್ಸಿಗೋ ಸ್ಪೇನಿಗೋ ಹೋಗಬೇಕೆಂದಿದ್ದರೆ ಈ ಲಸಿಕೆಯ ಅವಧಿ ತಪ್ಪಿಸಲೇಬೇಡಿ. ತಪ್ಪಿದರೆ ಮತ್ತೆ ಹಾಕಿಸಿ 21 ದಿನ ಕಾಯಬೇಕು. ಪ್ರಯಾಣದ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರದ ಅಧಿಕಾರ ಪಡೆದ ವೈದ್ಯರೇ ಸಹಿ ಹಾಕಬೇಕು, ಎಲ್ಲ ಕ್ಲಿನಿಕ್ಕಿನಲ್ಲೂ ಅಂಥವರಿರುವುದಿಲ್ಲ. ಪತ್ರ ಕೊಟ್ಟ 10 ದಿನಗಳೊಳಗೆ ಗಡಿ ದಾಟಬೇಕು.

ಔಷಧದ ವಿಷಯದಲ್ಲಿ ನಮ್ಮ ಮೆಡಿಕಲ್ ಶಾಪಿನ ಅಭ್ಯಾಸ ಅಲ್ಲಿ ನಡೆಯದು. 2023ರ ಸೆಪ್ಟೆಂಬರಿನಿಂದ, ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಪ್ರಾಣಿಯನ್ನು ಮುಟ್ಟಿ ನೋಡದೆ ವೈದ್ಯರು ಆಂಟಿಬಯೋಟಿಕ್ ಬರೆಯುವಂತಿಲ್ಲ. ಫೋಟೋ ಕಳಿಸಿ ಮಾತ್ರೆ ಕೇಳಿದರೆ ಸಿಗುವುದಿಲ್ಲ. ಆದರೆ ದೀರ್ಘಕಾಲದ ಕಾಯಿಲೆಯಿದ್ದರೆ ಲಿಖಿತ ಪ್ರಿಸ್ಕ್ರಿಪ್ಷನ್ ಕೇಳುವ ಹಕ್ಕು ನಿಮಗಿದೆ. ಅದರ ಫೀಸು ಕೊಟ್ಟ ಮೇಲೂ ಆನ್‌ಲೈನ್ ಔಷಧಾಲಯದಲ್ಲಿ ಹಲವು ಸಲ ಅಗ್ಗವಾಗುತ್ತದೆ.

ವಿಮೆಯಲ್ಲಿ 'ಲೈಫ್‌ಟೈಮ್' ಬಗೆಯದ್ದನ್ನೇ ನೋಡಿ. 12 ತಿಂಗಳ ಮಿತಿಯ ಪಾಲಿಸಿ ಚರ್ಮದ ಅಲರ್ಜಿ, ಸಕ್ಕರೆ ಕಾಯಿಲೆಗಳಿಗೆ ಒಂದು ವರ್ಷದ ಬಳಿಕ ಕೈಬಿಡುತ್ತದೆ. ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ, ಮುಚ್ಚಿಟ್ಟರೆ ಕ್ಲೇಮೇ ಬಿದ್ದುಹೋಗಬಹುದು. ಬಡವರ ಪ್ರಾಣಿಗಳಿಗಾಗಿ 1917ರಲ್ಲಿ ಮರಿಯಾ ಡಿಕಿನ್ ಆರಂಭಿಸಿದ ಪಿಡಿಎಸ್‌ಎ ಆಸ್ಪತ್ರೆಗಳು ಇಂದಿಗೂ ಅಪಾರ ಸೇವೆ ಮಾಡುತ್ತಿವೆ. ಆದರೆ ಅರ್ಹತೆ ಮುಖ್ಯವಾಗಿ ಸರ್ಕಾರಿ ನೆರವು ಪಡೆಯುವವರಿಗೆ. ಕೆಲಸದ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆ ನೆರವೇ ಇಲ್ಲದಿರುವುದರಿಂದ ಆ ಬಾಗಿಲನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ನಂಬರು ಫೋನಿನಲ್ಲಿರಲಿ: ಅನಿಮಲ್ ಪಾಯ್ಸನ್‌ಲೈನ್. 24 ಗಂಟೆಯ ಸೇವೆ, ಶುಲ್ಕವಿದೆ. ನಾಯಿ ಪಾಯಸದ ಒಣದ್ರಾಕ್ಷಿ ತಿಂದರೆ, ಬೆಕ್ಕು ಹೂದಾನಿಯ ಲಿಲ್ಲಿ ಎಲೆ ಕಚ್ಚಿದರೆ ಮೂತ್ರಪಿಂಡಕ್ಕೇ ಕುತ್ತು. ಲಕ್ಷಣ ಕಾಣಲಿ ಎಂದು ಕಾಯದೆ, ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು, ತೂಕ ಎಷ್ಟು ಎಂಬುದನ್ನು ಹೇಳಿದರೆ ಕ್ಲಿನಿಕ್ಕಿಗೆ ಓಡಬೇಕೇ ಬೇಡವೇ ಎಂದು ಅವರು ತಿಳಿಸುತ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ವಿಷವಾಗುತ್ತದೆ.